ಕಡವಿನ ದೋಣಿಯಲ್ಲಿ ಸಾಕ್ಷಿ

ಆಗ ಕುಂದಾಪುರದ ಹೊಳೆಗೆ ಸೇತುವೆ ಇರಲಿಲ್ಲ. ಬೈಂದೂರು ಕಡೆಯಿಂದ ಕೋರ್ಟಿಗೆ ಹೋಗುವವರೆಲ್ಲ ಕಡವಿನಲ್ಲಿ ಬಸ್ಸಿಳಿದು ದೋಣಿ ಹತ್ತಬೇಕು. ಪಿರ್ಯಾದಿ, ಆರೋಪಿ, ಸಾಕ್ಷಿ, ಎರಡೂ ಕಡೆಯ ನೆಂಟರು, ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಒಂದೇ ದೋಣಿಯಲ್ಲಿ ಕೂತು ಹೊಳೆ ದಾಟಿ, ಆಚೆ ದಡದಲ್ಲಿ ಮತ್ತೆ ವೈರಿಗಳಾಗುತ್ತಿದ್ದರು. ಇದನ್ನು ಮದರಾಸಿನ ಲಾ ಕಾಲೇಜಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸುಗಳು. ಬೇಸಿಗೆ ರಜೆಗೆ ಉಪ್ಪುಂದದ ಮನೆಗೆ ಬಂದಿದ್ದ ನಾನು ಕುಂದಾಪುರದ ವಕೀಲರೊಬ್ಬರ ಹಿಂದೆ ಕೂತು ಕ್ರಿಮಿನಲ್ ಕೇಸುಗಳನ್ನು ನೋಡುತ್ತಿದ್ದೆ. ಬಿಜೂರಿನದೊಂದು ಕೇಸಿತ್ತು. ಗದ್ದೆಗೆ ನೀರು ತಿರುಗಿಸುವ ಜಗಳದಲ್ಲಿ ಒಬ್ಬನು ನೆರೆಯವನ ಮುಂಗೈಗೆ ಕತ್ತಿಯಿಂದ ಕಡಿದಿದ್ದ. ಕಡಿಸಿಕೊಂಡವನು ನಮ್ಮ ವಕೀಲರ ಕಕ್ಷಿಗಾರ. ಅವನ ಎರಡು ಬೆರಳು ಮತ್ತೆ ಮಡಚಲಿಲ್ಲ. ಕಡಿದದ್ದನ್ನು ಕಂಡವಳು ಗದ್ದೆಯಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬ ವಿಧವೆ. ವಿಚಾರಣೆಯ ದಿನ ಅವಳನ್ನು ಕರೆತರುವ ಕೆಲಸವನ್ನು ವಕೀಲರು ನನಗೆ ಒಪ್ಪಿಸಿದರು.

ದೋಣಿಯಲ್ಲಿ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಕೋರ್ಟಿನ ಹೆದರಿಕೆ ಎಂದುಕೊಂಡು ಧೈರ್ಯ ಹೇಳಲು ಹೊರಟೆ. ಗಾಳಿ ಜೋರಾಗಿತ್ತು, ಗಟ್ಟಿಯಾಗಿಯೇ ಹೇಳಿದೆ. ಉಳಿದ ಸಾಕ್ಷಿಗಳೆಲ್ಲ ಕೂಗು ಕೇಳಿ ಆಮೇಲೆ ಓಡಿಬಂದವರು, ಕಣ್ಣಾರೆ ಕಂಡವಳು ಅವಳೊಬ್ಬಳೇ, ಅವಳು ಬಾಯಿಬಿಟ್ಟರೆ ಆರೋಪಿಗೆ ಜೈಲು ಖಂಡಿತ ಎಂದೆ. ಅವಳ ಪಾದ ನನ್ನ ಪಾದವನ್ನು ಒತ್ತಿತು. ದೋಣಿ ಓಲಾಡಿ ತಾಗಿರಬೇಕೆಂದು ಕಾಲನ್ನು ಹಿಂದಕ್ಕೆಳೆದುಕೊಂಡು, ಹೊಸ ವಿದ್ಯೆಯ ಹುಮ್ಮಸ್ಸಿನಲ್ಲಿ ಇನ್ನೂ ಎರಡು ಮಾತು ಸೇರಿಸಿದೆ.

ಎದುರಿಗೆ ಕೊಡೆ ಮಡಚಿ ಕೂತಿದ್ದ ಗಂಡಸು ಎದ್ದು ದೋಣಿಯವನ ಕೈಯಿಂದ ಗಳ ತೆಗೆದುಕೊಂಡ. ಅವನು ಆರೋಪಿಯ ಅಣ್ಣ. ದೋಣಿಯಲ್ಲಿ ಅದು ಗೊತ್ತಿಲ್ಲದವನು ನಾನೊಬ್ಬನೇ. ನಡುಹೊಳೆಯಲ್ಲಿ ಗಳ ಊರುವುದನ್ನು ನಿಲ್ಲಿಸಿ, ಒಂದು ಕಾಲನ್ನು ದೋಣಿಯ ಅಂಚಿನ ಮೇಲಿಟ್ಟು ಭಾರ ಬಿಟ್ಟ. ದೋಣಿ ವಾಲಿತು. ನೀರು ಒಳನುಗ್ಗಿ ನನ್ನ ಕಾಲನ್ನೂ ಕಾಲ ಬಳಿಯಿಟ್ಟಿದ್ದ ನೋಟ್‌ಬುಕ್ಕನ್ನೂ ತೋಯಿಸಿತು.

“ಅಕ್ಕ, ನಿಂಗೆ ಈಜೂಕ್ ಬತ್ತಾ?” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

“ಬತ್ತಿಲ್ಲೆ,” ಎಂದಳು ಅವಳು.

ಅವನು ನನ್ನ ಕಡೆ ತಿರುಗಿದ. “ಹ್ವಾಯ್ ವಕೀಲ್ರೆ, ನಿಮ್ಗೆ?”

ಯಾರೋ ನಕ್ಕರು. ಕಡಲ ಪಕ್ಕದಲ್ಲೇ ಹುಟ್ಟಿದ ನನಗೆ ಈಜು ಬಾರದು. ಬಾಯಲ್ಲಿ ಹೇಳಿದೆನೋ, ತಲೆಯಾಡಿಸಿದೆನೋ, ಎಷ್ಟು ನೆನೆಸಿದರೂ ತಿಳಿಯದು. ಎರಡೂ ಕೈಯಲ್ಲಿ ಹಲಗೆ ಹಿಡಿದದ್ದು ಮಾತ್ರ ನೆನಪಿದೆ. ಇವತ್ತಿಗೂ ಬಸ್ಸು ತಿರುವಿನಲ್ಲಿ ಓರೆಯಾದರೆ ನನ್ನ ಕೈ ತಾನಾಗಿ ಸೀಟು ಹುಡುಕುತ್ತದೆ.

“ಹಂಗಾರೆ ಬಾಯ್ ಮುಚ್ಚಿ ಕೂಕಣಿ,” ಎಂದು ಅವನು ಕಾಲು ತೆಗೆದ.

ಕೋರ್ಟಿನ ಜಗಲಿಯಲ್ಲಿ ವಕೀಲರಿಗೆ ಇದನ್ನೆಲ್ಲ ಹೇಳಿದೆ, ನಾನಾಡಿದ ಮಾತೊಂದನ್ನು ಬಿಟ್ಟು. ಮ್ಯಾಜಿಸ್ಟ್ರೇಟರ ಮುಂದೆ ನಿಂತು ಹೀಗೆಯೇ ಹೇಳುತ್ತೀಯಾ ಎಂದು ಅವರು ಕೇಳಿದರು. ಈಜು ಬರುತ್ತದೆಯೇ ಎಂದು ಕೇಳಿದ್ದು ಬೆದರಿಕೆ ಹೇಗಾಯಿತು ಎಂದು ಎದುರು ವಕೀಲರು ಹಿಡಿಯುತ್ತಾರೆ, ಅದಕ್ಕೆ ಮೊದಲು ದೋಣಿಯಲ್ಲಿ ಏನು ಮಾತಾಯಿತು ಎಂದೂ ಕೇಳುತ್ತಾರೆ ಎಂದರು. ಯೋಚಿಸುತ್ತೇನೆ ಎಂದೆ. ಯೋಚಿಸುತ್ತಿರುವಾಗಲೇ ಕೇಸು ಕೂಗಿದರು.

ಕಟಕಟೆ ಹತ್ತಿದ ಅವಳು ಮೊದಲು ನನ್ನನ್ನು ನೋಡಿದಳು. ನಾನು ಎದ್ದಿದ್ದರೆ ಅವಳೂ ಹೇಳುತ್ತಿದ್ದಳೇನೋ. ನಾನು ನೋಟ್‌ಬುಕ್ಕಿನ ಒದ್ದೆ ಹಾಳೆಗಳನ್ನು ಬಿಡಿಸುತ್ತಿದ್ದೆ.

“ನಾನ್ ಬಗ್ಗಿ ಹುಲ್ ಕೊಯ್ತಿದ್ದೆ. ಎಂತದೂ ಕಂಡಿಲ್ಲೆ.”

ಆರೋಪಿ ಬಿಡುಗಡೆಯಾಗುವುದು ಅಲ್ಲಿಗೆ ಖಚಿತವಾಯಿತು. ಗಾಯಾಳು ಆ ಎರಡು ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದ.

ಸಂಜೆ ಕಡವಿಗೆ ಬಂದಾಗ ಅಣ್ಣತಮ್ಮಂದಿರು ಆಗಲೇ ದೋಣಿಯಲ್ಲಿದ್ದರು. ಅವಳು ಸೀರೆ ಎತ್ತಿಕೊಂಡು ಕೆಸರಿನಲ್ಲಿ ನಿಂತಳು. ಅಣ್ಣ ಕೈ ಚಾಚಿದ. “ನಿಧಾನ ಅಕ್ಕ, ಜಾರತ್ತ್.” ಅವಳು ಆ ಕೈ ಹಿಡಿದೇ ಹತ್ತಿದಳು. ಬಿಜೂರಿನಲ್ಲಿ ಅವರ ಮನೆಗೂ ಇವಳ ಮನೆಗೂ ನಡುವೆ ಇದ್ದದ್ದು ಒಂದೇ ಗದ್ದೆ.

ಇನ್ನೊಬ್ಬರಿಗೆ ಜಾಗವಿದೆ ಎಂದು ದೋಣಿಯವನು ಕರೆದ. ಮುಂದಿನ ದೋಣಿಗೆ ಬರುತ್ತೇನೆ ಎಂದೆ. ಇದೇ ಕೊನೆಯದು ಎಂದ. ಆದರೂ ನಾನು ದಡ ಬಿಡಲಿಲ್ಲ.