ಮುಖವಾಡ ತೆಗೆದ ನಾಲ್ಕು ಸೆಕೆಂಡು

ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಆಕೆ ಹತ್ತೊಂಬತ್ತು ವರ್ಷದಿಂದ ಕೆಲಸಕ್ಕಿದ್ದಳು. ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೆತ್ತಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸುವುದು ಅವಳ ಕೆಲಸ. ಅವಳು ಮಾಡಿದ ಹಲ್ಲು ಕಟ್ಟಿಸಿಕೊಂಡವರಿಗೇ ಸ್ವಂತದ್ದು ಯಾವುದು, ಕಟ್ಟಿಸಿದ್ದು ಯಾವುದು ಎಂದು ಮರೆತುಹೋಗುತ್ತಿತ್ತು.

ಅವಳಿಗಿದ್ದ ಒಂದೇ ಹುಚ್ಚು ಒಂದು ಹಳೆಯ ಬೊಂಬೆ ಧಾರಾವಾಹಿ. ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಫೋಟೋ ತೆಗೆದು ಮಾಡಿದ್ದು. ನಾಯಕಿ ಕತ್ತಿ ಹಿಡಿದ ಮುಖವಾಡದ ಹೆಂಗಸು; ನಲವತ್ತು ಕಂತಿನಲ್ಲಿ ಒಮ್ಮೆಯೂ ಮುಖವಾಡ ತೆಗೆದವಳಲ್ಲ. ಊರಲ್ಲಿ ಅದರ ಅಭಿಮಾನಿಗಳ ಬಳಗವಿತ್ತು. ದೃಶ್ಯಗಳನ್ನು ಕತ್ತರಿಸಿ ಇಷ್ಟದ ಹಾಡಿಗೆ ಜೋಡಿಸುವುದು ಅವರ ಖಯಾಲಿ. ಬಳಗದ ಯಜಮಾನಿಕೆ ಫೋಟೋ ಸ್ಟುಡಿಯೋದವನದು. ಎಲ್ಲರೂ ಅವನನ್ನು ‘ಗುರುಗಳು’ ಎನ್ನುತ್ತಿದ್ದರು. ಆ ಹೆಸರಿಟ್ಟುಕೊಂಡವನೂ ಅವನೇ.

ಅವಳ ಮೊದಲ ವಿಡಿಯೋ ನಿಜಕ್ಕೂ ಕೆಟ್ಟದಾಗಿತ್ತು. ನೆಟ್‌ನಲ್ಲಿ ಸಿಕ್ಕ ತುಣುಕುಗಳನ್ನೆಲ್ಲ ಬಾಚಿಕೊಂಡಿದ್ದಳು: ಮಸುಕು ಚಿತ್ರ, ಮೂಲೆಯಲ್ಲಿ ಚಾನೆಲ್ಲಿನ ಮುದ್ರೆ, ಕೆಳಗೆ ಸಂಭಾಷಣೆಯ ಅಕ್ಷರ. ಸಾಲದ್ದಕ್ಕೆ ಪುಕ್ಕಟೆ ಸಾಫ್ಟ್‌ವೇರು ತನ್ನ ಹೆಸರನ್ನು ನಾಯಕಿಯ ಮುಖವಾಡದ ಮೇಲೇ ಒತ್ತಿತ್ತು. ಭಾನುವಾರದ ಸಭೆಯಲ್ಲಿ ಗುರುಗಳು ಅದನ್ನು ದೊಡ್ಡ ಪರದೆಗೆ ಹಾಕಿ, ಶಾಟು ಶಾಟಿಗೂ ನಿಲ್ಲಿಸಿದರು.

“ಅಕ್ಕಾವ್ರೇ, ಇದು ವಿಡಿಯೋನಾ, ಹರಿದ ಚೀಲಕ್ಕೆ ಹಾಕಿದ ತೇಪೆನಾ?”

ಮೂವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತಂಗಿಗೆ ಹೇಳಿದಳು: “ಇವನಿಗೆ ಬುದ್ಧಿ ಕಲಿಸದೆ ಬಿಡಲ್ಲ ಕಣೇ.”

ಮೊದಲು ತಾನು ಕಲಿತಳು. ಧಾರಾವಾಹಿಯ ಅಸಲಿ ಡಿಸ್ಕುಗಳನ್ನು ಹುಡುಕಿ ತರಿಸಿದಳು. ಮೂರು ಸಾಫ್ಟ್‌ವೇರು ನೋಡಿದಳು. ಒಂದು ಅವಳ ಹಳೇ ಕಂಪ್ಯೂಟರಿಗೆ ಉಸಿರು ಕಟ್ಟಿಸಿತು. ಫೋನಿನದರಲ್ಲಿ ಕತ್ತರಿಸಬೇಕಾದ ಜಾಗವೇ ಹೆಬ್ಬೆರಳಿನಡಿ ಮುಚ್ಚಿಹೋಗುತ್ತಿತ್ತು. ಮೂರನೆಯದರಲ್ಲಿ ಥಳುಕೇನೂ ಇರಲಿಲ್ಲ, ಆದರೆ ಅದು ಮುದ್ರೆ ಒತ್ತುತ್ತಿರಲಿಲ್ಲ, ಒಂದೊಂದೇ ಫ್ರೇಮಿಗೆ ಕತ್ತರಿ ಹಾಕಲು ಬಿಡುತ್ತಿತ್ತು. ಅದನ್ನೇ ಹಿಡಿದಳು. ಸದ್ದು ತೆಗೆದು ನಲವತ್ತೂ ಕಂತು ನೋಡಿದಳು. ಬೇರೆ ಬೊಂಬೆಗಳು ತುಟಿ ಆಡಿಸುವ ದೃಶ್ಯ ಬೇಡ, ಹಾಡಿಗೆ ಕೂಡುವುದಿಲ್ಲ. ಬೆನ್ನು, ಕೈ, ನಡಿಗೆ, ಕತ್ತಿಯ ಹೊಳಪು ಸಾಕು.

ಎರಡನೇ ವಿಡಿಯೋ ಮುಗಿದಾಗ, ಅವನ ಮುಖ ಹೇಗಾಗುತ್ತದೋ ನೋಡೋಣ ಎಂದು ಗುರುಗಳಿಗೇ ಕಳಿಸಿದಳು. ವಾರದಲ್ಲಿ ಅದು ಅವನ ಹೆಸರಿನಲ್ಲಿ ಹೊರಬಂತು. ಕೆಳಗೆ ಅವಳ ಹೆಸರಿದ್ದ ಪಟ್ಟಿಯನ್ನಷ್ಟೇ ಕತ್ತರಿಸಿದ್ದ.

“ಆ ದೃಶ್ಯಗಳೇನು ನಿಮ್ಮಪ್ಪನ ಆಸ್ತೀನಾ?” ಎಂದ ಫೋನಿನಲ್ಲಿ. “ಅದೇ ಡಿಸ್ಕಿಂದ ನಾನೂ ತೆಗೆದೆ. ನಿಮ್ಮದು ಅನ್ನೋದಕ್ಕೆ ಏನಿದೆ ಸಾಕ್ಷಿ?”

“ಏನೂ ಇಲ್ಲ ಗುರುಗಳೇ” ಎಂದು ಫೋನಿಟ್ಟಳು. ಸಾಕ್ಷಿ ಇಲ್ಲದಿದ್ದರೆ ಮಾಡಿದರಾಯಿತು ಎಂದುಕೊಂಡಳು.

ಲ್ಯಾಬಿನಲ್ಲಿ ಉಳಿದ ಮೇಣ, ರಾಳದಲ್ಲಿ ನಾಯಕಿಯ ತಲೆ ಕೆತ್ತಿದಳು. ಮುಖವಾಡ ಬೇರೆ ಮಾಡಿದಳು, ಅದರ ಹಿಂದೊಂದು ಮುಖ, ಮುಂದಿನ ಹಲ್ಲು ತುಸು ಕಾಣುವ ನಗು. ಬಲ್ಬಿಗೆ ಹಳದಿ ಕಾಗದ ಸುತ್ತಿ, ಕೊನೆಯ ಕಂತಿನ ಬೆಳಕು ಬರುವ ತನಕ ಬಿಡಲಿಲ್ಲ. ನಾಲ್ಕು ಸೆಕೆಂಡಿಗೆ ನಲವತ್ತೆಂಟು ಫೋಟೋ.

“ಇಷ್ಟು ದ್ವೇಷ ಯಾಕಕ್ಕ? ಬಿಟ್ಟಾಕು” ಎಂದಳು ತಂಗಿ.

“ಬಿಡ್ತೀನಿ. ಮೊದಲು ಕೈಗೆ ಸಿಗಲಿ.”

ಅದನ್ನು ಸೇರಿಸಿದ ಹೊಸ ವಿಡಿಯೋವನ್ನು, ಹಿಂದೆ ಫೋನಿನಲ್ಲಿ ತಕರಾರು ಮಾಡಿದ್ದಕ್ಕೆ ಕ್ಷಮೆ ಕೇಳಿ, ತಿದ್ದಿಕೊಡಿ ಎಂದು ಕಳಿಸಿದಳು. ಅರ್ಧ ಗಂಟೆಗೇ ಫೋನು: “ಮುಖವಾಡ ತೆಗೆಯೋದು ಎಲ್ಲಿ ಸಿಕ್ತು?”

“ಯಾವುದೋ ಹಳೇ ಡಿಸ್ಕಲ್ಲಿತ್ತು” ಎಂದು ಸಲೀಸಾಗಿ ಸುಳ್ಳು ಹೇಳಿದಳು.

ಬಳಗದ ವಾರ್ಷಿಕ ಸಭೆಯಲ್ಲಿ ಆ ವಿಡಿಯೋ ಗುರುಗಳ ಹೆಸರಲ್ಲೇ ಬಂತು. ಮುಖವಾಡ ಕಳಚಿದಾಗ ಜನ ಎದ್ದು ನಿಂತರು. ಯಾವ ಕಂತಿನದು ಎಂದು ಯಾರೋ ಕೂಗಿದರು.

“ಪ್ರಸಾರ ಆಗದೆ ಉಳಿದ ಕಂತು,” ಎಂದ ಅವನು. “ಎರಡು ವರ್ಷ ಅಲೆದು ಸಂಪಾದಿಸಿದೆ.”

ಅವಳು ಮೂರನೇ ಸಾಲಿನಿಂದ ಎದ್ದು ಹೋಗಿ, ಊಟದ ಡಬ್ಬಿ ತೆರೆದು, ಹತ್ತಿಯಲ್ಲಿ ಸುತ್ತಿದ್ದ ತಲೆಯನ್ನು ಮೇಜಿನ ಮೇಲಿಟ್ಟಳು.

“ಇವಳನ್ನ ನಾನು ಹೋದ ತಿಂಗಳು ಮಾಡಿದೆ ಗುರುಗಳೇ. ಹಲ್ಲು ನಮ್ಮ ಲ್ಯಾಬಿಂದು. ನಿಮಗೆ ಎಲ್ಲಿ ಸಿಕ್ಕಿದ್ಲು?”

ಸಭೆಯಲ್ಲಿ ಎದ್ದ ನಗು ನಿಲ್ಲಲೇ ಇಲ್ಲ. ಅವನು “ತಮಾಷೆಗೆ…” ಎಂದು ತೊದಲಿದ. ಅವಳು ರಿಮೋಟು ಕಿತ್ತುಕೊಂಡು, ಒಂದೊಂದೇ ಶಾಟು ನಿಲ್ಲಿಸಿ, “ಇದು ಎಷ್ಟನೇ ಕಂತು? ಇದು?” ಎಂದು ಕೇಳಿದಳು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತು.

“ಸಾಕು ಬಿಡಮ್ಮ” ಎಂದರು ಮುಂದೆ ಕೂತಿದ್ದ ಹಿರಿಯರೊಬ್ಬರು.

“ಇನ್ನೂ ಹನ್ನೊಂದು ಶಾಟಿದೆ” ಎಂದಳು. ಹನ್ನೊಂದನ್ನೂ ಮುಗಿಸಿಯೇ ಕೂತಳು.

ಅವನು ಮತ್ತೆ ಬಳಗದ ಕಡೆ ತಲೆ ಹಾಕಲಿಲ್ಲ. ತಪ್ಪಾಯಿತು ಎಂದು ಉದ್ದದ ಮೆಸೇಜು ಕಳಿಸಿದ. ಅದನ್ನವಳು ಎರಡು ಸಲ, ನಿಧಾನವಾಗಿ, ರುಚಿ ನೋಡುವಂತೆ ಓದಿದಳು. ಉತ್ತರ ಕೊಡಲಿಲ್ಲ.

“ಪಾಪ, ಅಂಗಡೀಲಿ ಕೂಡ ತಲೆ ಎತ್ತಲ್ವಂತೆ” ಎಂದಳು ತಂಗಿ.

“ಪಾಪ ಅನ್ನೋಕೆ ನೀನಿದ್ದೀಯಲ್ಲ” ಎಂದು ಅವಳು ತಟ್ಟೆ ಮುಂದಕ್ಕೆ ನೂಕಿದಳು. “ಬಡಿಸು, ಹಸಿವಾಗ್ತಿದೆ.”