ಶಾಲು ಕಂಡರೆ ವಸಂತಣ್ಣನಿಗೆ ಅನುಮಾನ

ಕೊಚ್ಚಿಯ ಹಿನ್ನೀರಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ದಿನದ ಮೊದಲ ಬೋಟು ದ್ವೀಪದ ಜೆಟ್ಟಿಗೆ ತಾಗುವ ಮೊದಲೇ ವಸಂತಣ್ಣ ಹಗ್ಗ ಹಿಡಿದು ಹಾರುತ್ತಾರೆ. ಗೂಟಕ್ಕೆ ಸುತ್ತು ಹಾಕಿ ಎಳೆದು, ಬೋಟು ಅಲುಗದಂತೆ ಅಂಚಿಗೆ ಒಂದು ಕಾಲು ಒತ್ತಿ ನಿಲ್ಲುತ್ತಾರೆ. ಆಸ್ಪತ್ರೆಯಲ್ಲಿ ಕಸ ಗುಡಿಸುವ ಮೇರಿ, ಸಿಗಡಿ ಸುಲಿಯುವ ಹೆಂಗಸರು, ಮೀನಿನ ಬುಟ್ಟಿಗಳು ಎಲ್ಲ ಒಳಗೆ ಸೇರುವವರೆಗೂ ಆ ಕಾಲು ಕದಲುವುದಿಲ್ಲ. ಪತ್ರಿಕೆಯವರು ಕ್ಯಾಮೆರಾ ಎತ್ತಿದ್ದೇ ತಡ, ಮುಖ ಮಾತ್ರ ಅವರ ಕಡೆ ತಿರುಗುತ್ತದೆ.

"ನಿಮ್ಮನ್ನು ಕಳಿಸಿದ್ದು ಯಾರು? ಕಂಪೆನಿಯವರಾ?"

ಅಲ್ಲವೆಂದು ಗುರುತಿನ ಚೀಟಿ ತೋರಿಸಿದರೂ ನಂಬಿಕೆ ಅರ್ಧಂಬರ್ಧ.

ಕಾಸರಗೋಡಿನ ಕುಂಬಳೆ ಕಡೆಯ ವಸಂತಣ್ಣ ಹಗ್ಗ ಹಿಡಿಯುವ ಕೆಲಸಕ್ಕೆ ಸೇರಿದಾಗ ಈ ಬೋಟು ಕಂಪೆನಿಗೆ ಜನರನ್ನು ದಾಟಿಸುವುದೊಂದೇ ಕಸುಬು. ಈಗ ತೇಲುವ ಹೋಟೆಲು, ಮದುವೆ ಬೋಟು, ಸರಕಿನ ಬಾರ್ಜು, ಕೊಚ್ಚಿಯ ಕಾಕ್ಕನಾಡಿನಲ್ಲಿ ಗಾಜಿನ ಆಫೀಸು ಎಲ್ಲವೂ ಇದೆ. ಈ ಸಲದ ವಾರ್ಷಿಕ ವರದಿಯಲ್ಲಿ ಲಾಭ ಏರಿದೆ, ಭವಿಷ್ಯ ಉಜ್ವಲವಾಗಿದೆ. ಬರೆದ ಪುಣ್ಯಾತ್ಮರು ಮೊದಲ ಬೋಟು ಹತ್ತಿದವರಂತೆ ಕಾಣುವುದಿಲ್ಲ. ಊರಿನ ಜನ ದಾಟುವ ಬೋಟುಗಳ ಬಗ್ಗೆ ಅದರಲ್ಲಿರುವುದು ಒಂದೇ ಸಾಲು: ಮಾರ್ಗಗಳನ್ನು ಮರುಪರಿಶೀಲಿಸಲಾಗುವುದು.

ತಿರುವನಂತಪುರದ ವಾರ್ಷಿಕ ಸಭೆಯಲ್ಲಿ ಪ್ರತಿ ವರ್ಷ ಒಬ್ಬ ನೌಕರನಿಗೆ ಶಾಲು ಹೊದಿಸುವ ಪದ್ಧತಿ ಇದೆ. ಹೋದ ವರ್ಷ ಜೋಸೆಫ್‌ಗೆ ಹೊದಿಸಿದರು, ಓಣಂ ಬರುವುದರೊಳಗೆ ಅವರ ಮಾರ್ಗ ನಿಂತಿತು. ಜೀವಮಾನವೆಲ್ಲ ಚುಕ್ಕಾಣಿ ಹಿಡಿದ ಮನುಷ್ಯ ಈಗ ತೇಲುವ ಹೋಟೆಲಿನ ಬಾಗಿಲಲ್ಲಿ ಅತಿಥಿಗಳಿಗೆ ಕೈ ಮುಗಿಯುತ್ತಾರೆ. ಅದರ ಹಿಂದಿನ ವರ್ಷ ಶಾಲು ಹೊದ್ದವರ ಬೋಟಿನಲ್ಲಿ ಇಂದು ಮದುವೆಗಳು ನಡೆಯುತ್ತವೆ. ಈ ವರ್ಷದ ಶಾಲು ವಸಂತಣ್ಣನಿಗಂತೆ.

ಸುದ್ದಿ ಹೇಳಿದವರು ಮುಖ್ಯ ಕಚೇರಿಯ ಯಶವಂತ್, ಮೈಸೂರಿನವರು. "ವಸಂತಣ್ಣ, ನೀವು ನಮ್ಮೋರು. ರೈಲು ಟಿಕೆಟ್ಟೂ ಮಾಡ್ಸಿದೀನಿ, ಬಂದ್ಬಿಡಿ" ಎಂದು ಫೋನಿನಲ್ಲಿ ಬೆಣ್ಣೆ ಹಚ್ಚಿದರಂತೆ.

"ಇಷ್ಟು ವರ್ಷ ನನ್ನತ್ರ ಇಂಗ್ಲಿಷಲ್ಲೇ ಮಾತಾಡಿದವರು. ಈಗ ಕನ್ನಡ ಎಂತಕ್ಕೆ ನೆನಪಾದ್ದು?" ಎನ್ನುತ್ತಾರೆ ವಸಂತಣ್ಣ. "ನಮ್ಮ ಬೋಟಿನ ಗತಿ ಎಂತ ಅಂತ ಕೇಳಿದೆ. ಅದನ್ನ ಆಮೇಲೆ ನೋಡೋಣ ಅಂದ್ರು."

ಹೆಂಡತಿ ಸರೋಜ ಆಗಲೇ ಹೊಸ ಅಂಗಿ ತಂದಿಟ್ಟಿದ್ದಾರೆ. "ಯಾರು ನಗಾಡಿದ್ರೂ ಇವರಿಗೆ ಸಂಶಯ ಮಾರಾಯ್ರೆ. ಒಂದು ಶಾಲು ಹೊದ್ದುಕೊಂಡ್ರೆ ಎಂತ ಆಗ್ತದೆ?" ಗಂಡನನ್ನು ನಾಲ್ಕು ಜನರೆದುರು ಯಾರಾದರೂ ಹೊಗಳಿದ್ದನ್ನು ಆಕೆ ಇದುವರೆಗೆ ಕಂಡಿಲ್ಲ. ಅದು ವಸಂತಣ್ಣನಿಗೂ ಗೊತ್ತು, ಅದಕ್ಕೇ ಇಷ್ಟು ಸಂಕಟ. ಇತ್ತ ಬೋಟು ನಿಂತರೆ ಮೇರಿಯಂಥವರು ಸೇತುವೆ ಸುತ್ತಿ ಎರಡು ಬಸ್ಸು ಬದಲಿಸಬೇಕು. ಬೆಳಗಿನ ಪಾಳಿ ಕೈ ತಪ್ಪಿದರೆ ಕೆಲಸವೂ ಹೋದ ಹಾಗೆ.

ಆಚೆ ದಡದ ಎರ್ನಾಕುಲಂ ಜೆಟ್ಟಿಯಲ್ಲಿ ಜನ ಇಳಿಯುತ್ತಿರುವಾಗ ಯಶವಂತ್ ಅವರ ಫೋನು ಮತ್ತೆ ಬರುತ್ತದೆ. ಈ ಸಲ ವಸಂತಣ್ಣ ತಡವರಿಸುವುದಿಲ್ಲ.

"ನಾನು ಬರುದಿಲ್ಲ ಸಾರ್. ಅಧ್ಯಕ್ಷರನ್ನು ಕರ್ಕೊಂಡು ನೀವೇ ಬನ್ನಿ. ಮೊದಲ ಬೋಟಲ್ಲಿ, ಈ ಹೆಂಗಸರ ಎದುರೇ ಶಾಲು ಹೊದಿಸಿ. ಬೋಟು ನಿಲ್ಲಿಸುದಿಲ್ಲ ಅಂತ ಇವರ ಮುಖ ನೋಡಿ ಹೇಳಿ."

ಆ ಕಡೆಯಿಂದ ಬಂದ ಉತ್ತರ ಕೇಳಿ ವಸಂತಣ್ಣ ಫೋನು ಜೇಬಿಗೆ ಹಾಕುತ್ತಾರೆ.

"ಶಾಲು ಕೊರಿಯರಲ್ಲಿ ಕಳಿಸ್ತಾರಂತೆ, ಕಂಡ್ರಾ?" ಸ್ವರ ನಗುತ್ತದೆ, ಮುಖ ನಗುವುದಿಲ್ಲ. ಹಗ್ಗ ಬಿಚ್ಚಲು ಬಗ್ಗುತ್ತಾರೆ.

"ಬೋಟು ನಿಲ್ಲಿಸುದಾದ್ರೆ ಅದನ್ನು ಹೇಳ್ಲಿಕ್ಕೆ ಅವರು ಇಲ್ಲಿಗೇ ಬರ್ಬೇಕು. ಬರ್ಲಿ. ಕೈ ಹಿಡಿದು ಹತ್ತಿಸಿಕೊಳ್ಳುದು ನಾನೇ. ನನ್ನ ಕೈ ಹಿಡಿದವರು ಇಷ್ಟರವರೆಗೆ ಯಾರೂ ನೀರಿಗೆ ಬಿದ್ದದ್ದಿಲ್ಲ."