ಚಾವಡಿಯಲ್ಲಿ ಯಾರೂ ನೋಡಲಿಲ್ಲ

ಮೆಲ್ಬರ್ನಿನ ಪೊಲೀಸರು ಬಾಗಿಲಲ್ಲಿ ನಿಂತು "ಇವತ್ತು ಒಬ್ಬರು ಈ ಮನೆ ಬಿಡಬೇಕು" ಎಂದಾಗ ನಾನು ಒಳಗೆ ಹೋಗಿ ನನ್ನ ಬ್ಯಾಗಿಗೆ ಬಟ್ಟೆ ತುಂಬತೊಡಗಿದೆ. ಮತ್ತೇನು? ನಮ್ಮ ಬೆಳ್ತಂಗಡಿ ಕಡೆ ಗಂಡ ಹೊಡೆದರೆ ಬ್ಯಾಗು ಹಿಡಿದು ಬಸ್ಸು ಹತ್ತುವವಳು ಹೆಂಡತಿಯೇ. ಪೊಲೀಸ್ ಹೆಂಗಸು ನನ್ನ ಕೈ ತಡೆದಳು. "ನೀವಲ್ಲ. ಹೋಗುವುದು ಅವನು." ನನ್ನ ಗಂಡ ಸಂದೇಶ ಬಗ್ಗಿ ಶೂ ಹಾಕಿಕೊಳ್ಳುತ್ತಿದ್ದ. ನನಗೆ ನಂಬಲಿಕ್ಕೇ ಆಗಲಿಲ್ಲ.

ಅದಕ್ಕೆ ಸ್ವಲ್ಪ ಮೊದಲು ನಡೆದದ್ದು ಪಂಚಾತಿಗೆ. ಗಂಡ ಹೆಂಡಿರಿಗೆ ಸರಿ ಬಾರದಿದ್ದರೆ ಹಿರಿಯರು ಚಾವಡಿಯಲ್ಲಿ ಕೂತು ಮಾತು ಮುಗಿಸುವುದು ನಮ್ಮ ಪದ್ಧತಿ. ಸಮುದ್ರ ದಾಟಿದರೂ ಅದು ಬಿಡಲಿಲ್ಲ, ವೀಡಿಯೋ ಕಾಲ್‌ನಲ್ಲಿ ಬಂತು. ಆ ಕಡೆ ಅಮ್ಮ, ಬಂಟ್ವಾಳದಿಂದ ಬಂದ ಸೋದರಮಾವ, ಮಾವನ ಹೆಂಡತಿ ಅತ್ತೆ, ಚಾವಡಿ ತುಂಬ ಜನ. ಈ ಕಡೆ ಒಂದೇ ಸೋಫಾದಲ್ಲಿ ನಾನು ಮತ್ತು ಹೊಡೆಯುವವನು. ಎಂಥಾ ನ್ಯಾಯ!

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಮಾರಾಯ್ತಿ. ಒಂದು ತಪ್ಪಾಯ್ತು ಹೇಳು, ಮುಗಿಸುವ" ಎಂದರು ಮಾವ, ತುಳುವಿನಲ್ಲಿ.

"ಉಣ್ಣಲಿಕ್ಕೆ ಬಿಟ್ಟರಲ್ಲವಾ ಮಾವ ಮಲಗುವುದು?" ಎಂದೆ.

ಸಂದೇಶ ಅಲ್ಲೇ, ಅಷ್ಟೂ ಜನರ ಎದುರಿಗೆ, ನನ್ನ ಕೆನ್ನೆಗೆ ಹೊಡೆದ. ನಾನು ಕಿರುಚಿದೆ. ಚಾವಡಿಯ ಕಡೆಯಿಂದಲೇ ಕಾಲ್ ಕಟ್ ಆಯಿತು. ಪೊಲೀಸರನ್ನು ಕರೆದವಳು ಪಕ್ಕದ ಮನೆಯ ಗ್ರೀಕ್ ಅಜ್ಜಿ ಎಲೇನಿ, ಗೋಡೆಯಾಚೆಯಿಂದ ಕೇಳಿಸಿಕೊಂಡು. ಅದುವರೆಗೆ ನಾವಿಬ್ಬರು ಮಾತಾಡಿದ್ದು ಬೇಲಿಯ ಮೇಲಿಂದ ನಿಂಬೆಹಣ್ಣು ಕೊಡುವಾಗ ಮಾತ್ರ.

"ನನ್ನನ್ನು ಬಿಟ್ಟರೆ ನಿನ್ನ ವೀಸಾ ಉಂಡೆಸೆದ ಬಾಳೆಲೆ" ಎಂದು ಸಂದೇಶ ಯಾವಾಗಲೂ ಹೇಳುತ್ತಿದ್ದ. ನಾನೂ ನಂಬಿದ್ದೆ. ಉಚಿತವಾಗಿ ಸಲಹೆ ಕೊಡುವ ವಕೀಲೆ ಅದು ಸುಳ್ಳೆಂದಳು. ಸಂಗಾತಿಯ ವೀಸಾಕ್ಕೆ ಅರ್ಜಿ ಹಾಕಿದವಳು ಹಿಂಸೆ ತಾಳಲಾರದೆ ಬೇರೆಯಾದರೆ ಅರ್ಜಿ ಅಲ್ಲಿಗೇ ಸಾಯಬೇಕೆಂದಿಲ್ಲ, ಆದರೆ ಹಿಂಸೆಗೆ ಪುರಾವೆ ಬೇಕು. "ಕಂಡವರು ಯಾರಾದರೂ ಇದ್ದಾರಾ?" ಎಂದು ಕೇಳಿದಳು. ನಾನು ನಕ್ಕೇಬಿಟ್ಟೆ. ಚಾವಡಿ ತುಂಬ ಇದ್ದಾರೆ ಎಂದೆ.

ಮಾವನಿಗೆ ಫೋನ್ ಮಾಡಿದೆ. "ನೆಟ್‌ವರ್ಕ್ ಹೋಗಿತ್ತು ಮಗಾ, ಚಿತ್ರ ನಿಂತಿತ್ತು." ಅತ್ತೆಯ ಹತ್ತಿರ ಕನ್ನಡಕ ಇರಲಿಲ್ಲವಂತೆ. ಅಮ್ಮ, "ನಿನ್ನ ತಂಗಿಗೆ ಮೂಡುಬಿದಿರೆಯ ಸಂಬಂಧ ಬಂದಿದೆ, ಸಂದೇಶನ ಕಡೆಯವರೇ. ನಾನು ಹೇಗೆ ಬರೆದು ಕೊಡ್ಲಿ, ಹೇಳು" ಎಂದಳು. ಥೂ, ಇವರ ಮರ್ಯಾದೆಗಿಷ್ಟು ಬೆಂಕಿ ಹಾಕ! ಆ ದಿನ ಅತ್ತಷ್ಟು ನಾನು ಪೆಟ್ಟು ತಿಂದಾಗಲೂ ಅತ್ತಿರಲಿಲ್ಲ.

ಕೊನೆಗೆ ಪುರಾವೆ ಸಿಕ್ಕಿದ್ದು ನನ್ನ ಪೆಟ್ಟು ನೋಡಿದ ಡಾಕ್ಟರ ಮಾತಿನಿಂದ, ಆಪ್ತಸಮಾಲೋಚಕಿಯ ಮಾತಿನಿಂದ, ಮತ್ತೆ ಹರಕು ಇಂಗ್ಲಿಷಿನ ಎಲೇನಿಯಿಂದ. ನನ್ನ ಹೆಸರು ನೆಟ್ಟಗೆ ಹೇಳಲು ಬಾರದ ಆ ಮುದುಕಿ ನಾನು ಕಿರುಚಿದ್ದನ್ನು ಕೇಳಿದೆನೆಂದು ಪ್ರಮಾಣ ಮಾಡಿ ಹೇಳಿದಳು. ಕಾದು ಕಾದು ಕಡೆಗೂ ಕಾಯಂ ವೀಸಾ ಬಂತು. ಈಗ ಒಂದು ಬೇಕರಿಯಲ್ಲಿ ಕೆಲಸ. ಬಾಡಿಗೆಯ ಕೋಣೆಗೆ ಒಳಗಿನಿಂದ ಚಿಲಕ ಉಂಟು, ಅದನ್ನು ಹಾಕಿಕೊಂಡು ಗಂಜಿ ಉಣ್ಣುವ ಸುಖ ನಿಮಗೆ ಹೇಗೆ ಹೇಳಲಿ.

ವೀಸಾ ಬಂದದ್ದನ್ನು ಹೇಳೋಣವೆಂದು ಮೊದಲು ಅಮ್ಮನಿಗೇ ಫೋನ್ ಮಾಡಿದೆ. ಕುಟುಂಬದ ದೈವಕ್ಕೆ ವರ್ಷಕ್ಕೊಮ್ಮೆ ಕೊಡುವ ಪೂಜೆ, ತಂಬಿಲ, ಹತ್ತಿರವಿತ್ತು. ನಮ್ಮದು ಹೆಣ್ಣಿನಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆ. ಹೆಣ್ಣುಮಕ್ಕಳಿಲ್ಲದೆ ತಂಬಿಲ ಇಲ್ಲ.

"ಅಮ್ಮ, ಈ ಸಲ ಬರ್ತೇನೆ."

"ಈ ವರ್ಷ ಬೇಡ ಮಗಾ" ಎಂದಳು ಅಮ್ಮ, ಸಣ್ಣ ದನಿಯಲ್ಲಿ. "ಸಂದೇಶ ರಜೆಯಲ್ಲಿ ಬಂದಿದ್ದಾನೆ. ತಂಗಿಯ ನಿಶ್ಚಿತಾರ್ಥ ಮುಂದೆ ಮುಂದೆ ಹೋಗ್ತಾ ಉಂಟು, ಅದು ಆಗುವ ತನಕ ಅವನಿಗೆ ಬೇಜಾರು ಮಾಡುವುದು ಬೇಡ. ಈಗ ಇಲ್ಲೇ ಊಟಕ್ಕೆ ಕೂತಿದ್ದಾನೆ. ಬಡಿಸಿ ಬರ್ತೇನೆ, ಆಮೇಲೆ ಮಾತಾಡುವ."

ಅಮ್ಮ ಫೋನ್ ಇಟ್ಟಳು. ನನ್ನ ಸುದ್ದಿ ಹೇಳಲು ಇನ್ನೂ ಆಗಿಲ್ಲ.